ರಿಪೋರ್ಟ್ ನಾರ್ಮಲ್, ಆದರೂ ಹೊಟ್ಟೆನೋವು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಒತ್ತಡ ತಾಳಿಕೊಳ್ಳುವ ಶಕ್ತಿಯ ಬಗ್ಗೆ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನ ಓದಿದೆ. ಮನಸ್ಸು, ಕರುಳು, ರೋಗನಿರೋಧಕ ಶಕ್ತಿ ಮೂರಕ್ಕೂ ನಂಟಿದೆ ಎಂದು ಬರೆದದ್ದು ಸರಿಯೇ. ಆದರೆ ಕೊನೆಯ ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ: ಪ್ರೋಬಯಾಟಿಕ್ (ಕರುಳಿಗೆ ಒಳ್ಳೆಯದೆನ್ನುವ ಬ್ಯಾಕ್ಟೀರಿಯಾ) ಕ್ಯಾಪ್ಸೂಲ್ ನುಂಗಿ, ಆಳವಾಗಿ ಉಸಿರಾಡಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ. ನಾನು ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ಹೊಟ್ಟೆಯ ಒಳಗೆ ನೋಡುವ ಪರೀಕ್ಷೆ) ವಿಭಾಗದಲ್ಲಿ ದುಡಿದು ನಿವೃತ್ತಳಾದ ನರ್ಸ್. ಮನಸ್ಸು ಗಟ್ಟಿ ಮಾಡಿಕೋ ಎಂಬ ಉಪದೇಶವನ್ನು ಆ ರೂಮಿನ ಬಾಗಿಲಲ್ಲಿ ಸಾಕಷ್ಟು ಕೇಳಿದ್ದೇನೆ.

ಅಲ್ಲಿ ನಡೆಯುವುದು ಇಷ್ಟು. ರೋಗಿ ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ. ಗಂಟಲು ಮರಗಟ್ಟಲು ಸ್ಪ್ರೇ ಹೊಡೆಯುತ್ತೇವೆ, ಎಡಮಗ್ಗುಲಿಗೆ ಮಲಗಿಸುತ್ತೇವೆ, ಹಲ್ಲುಗಳ ನಡುವೆ ಮೌತ್ ಗಾರ್ಡ್ ಇಡುತ್ತೇವೆ. ಪರೀಕ್ಷೆ ಕೆಲವೇ ನಿಮಿಷದ್ದು. ಹುಣ್ಣು, ಗಡ್ಡೆ ಏನೂ ಕಾಣದಿದ್ದರೆ ಹೊರಗೆ ಕಾಯುತ್ತಿದ್ದ ಮನೆಯವರಿಗೆ ಜೀವ ಬಂದ ಹಾಗಾಗುತ್ತದೆ. ಮರುಕ್ಷಣವೇ ಶುರು: "ನೋಡು, ಏನೂ ಇಲ್ಲವಂತೆ. ಎಲ್ಲಾ ನಿನ್ನ ಟೆನ್ಶನ್. ಸುಮ್ನೆ ತಲೆ ಕೆಡಿಸಿಕೊಳ್ತೀಯ." ಇಷ್ಟು ಹೇಳಿಸಿಕೊಂಡ ಮೇಲೆ ಆ ರೋಗಿ ಮನೆಯಲ್ಲಿ ಮತ್ತೆ ಹೊಟ್ಟೆನೋವು ಅಂತ ಬಾಯಿ ಬಿಡುತ್ತಾರಾ?

ಆ ಕ್ಯಾಮೆರಾಗೆ ಕಾಣುವುದು ಒಳಪದರ ಮಾತ್ರ. ನರಗಳು ಎಷ್ಟು ಸೂಕ್ಷ್ಮವಾಗಿವೆ ಅನ್ನುವುದು ಅದಕ್ಕೆ ತಿಳಿಯದು. ಜೀರ್ಣಾಂಗದ ಗೋಡೆಯಲ್ಲಿ ಕೋಟಿಗಟ್ಟಲೆ ನರಕೋಶಗಳಿವೆ. ಮಿದುಳಿಗೂ ಹೊಟ್ಟೆಗೂ ನಡುವೆ ಇರುವ ವೇಗಸ್ ನರದ ಎಳೆಗಳಲ್ಲಿ ನೂರಕ್ಕೆ ಸುಮಾರು 80 ಪಾಲು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ಒತ್ತಡ ತಿಂಗಳುಗಟ್ಟಲೆ ಮುಂದುವರಿದರೆ ಈ ನರಗಳು ಸಣ್ಣದ್ದಕ್ಕೂ ಕೂಗೆಬ್ಬಿಸುತ್ತವೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗಾಳಿ ತುಂಬಿಕೊಂಡರೂ ಇವರಿಗೆ ನೋವು. ರಿಪೋರ್ಟ್ ನಾರ್ಮಲ್ ಬಂದಿದ್ದೂ ನಿಜ, ನೋವೂ ನಿಜ.

ಈ ನಂಟು ಈಗ ಕಂಡುಹಿಡಿದದ್ದೇನಲ್ಲ. 1936ರಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳನ್ನು ಚಳಿ, ಗಾಯ, ವಿಷ ಹೀಗೆ ಬೇರೆ ಬೇರೆ ಕಷ್ಟಕ್ಕೆ ಒಡ್ಡಿ ನೋಡಿದರು. ಕಷ್ಟ ಯಾವುದೇ ಇರಲಿ, ಒಳಗೆ ಆದದ್ದು ಒಂದೇ. ಒತ್ತಡದ ಹಾರ್ಮೋನು ಸುರಿಸುವ ಅಡ್ರಿನಲ್ ಗ್ರಂಥಿ ಊದಿಕೊಂಡಿತ್ತು, ಜೀರ್ಣಾಂಗದಲ್ಲಿ ಹುಣ್ಣಾಗಿತ್ತು, ರೋಗನಿರೋಧಕ ಕೋಶಗಳು ಬಲಿಯುವ ಥೈಮಸ್ ಕುಗ್ಗಿಹೋಗಿತ್ತು. ನಿಮ್ಮ ಲೇಖನ ಹೇಳಿದ ಮೂರೂ ಒಂದೇ ಇಲಿಯಲ್ಲಿ ಸಿಕ್ಕಿದ್ದವು.

ಹಾಗಂತ ಎಲ್ಲವನ್ನೂ ಒತ್ತಡದ ತಲೆಗೆ ಕಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೂ ಹೊಟ್ಟೆಯ ಹುಣ್ಣೇ ಸಾಕ್ಷಿ. ಚಿಂತೆಯಿಂದಲೇ ಅಲ್ಸರ್ ಅಂತ ವೈದ್ಯರೂ ಬಹುಕಾಲ ನಂಬಿದ್ದರು. ಆಸ್ಟ್ರೇಲಿಯಾದ ರಾಬಿನ್ ವಾರನ್, ಬ್ಯಾರಿ ಮಾರ್ಷಲ್ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ತೋರಿಸಿದಾಗ ಹೆಚ್ಚಿನವರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದುಬಿಟ್ಟರು! ಬಾಯಿ ವಾಸನೆ, ವಾಂತಿ ಎಲ್ಲಾ ಅನುಭವಿಸಿ, ಎಂಡೋಸ್ಕೋಪಿ ಮಾಡಿಸಿಕೊಂಡು ಜಠರದ ಉರಿಯೂತ ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಜಠರದಿಂದ ತೆಗೆದ ಚೂರನ್ನು ಹಳದಿ ಜೆಲ್‌ಗೆ ಹಾಕಿ ಅದು ಗುಲಾಬಿಗೆ ತಿರುಗುವುದನ್ನು (ಆ ಬ್ಯಾಕ್ಟೀರಿಯಾ ಇದೆ ಎಂಬುದರ ಗುರುತು) ಕಂಡಾಗಲೆಲ್ಲ, ಆಂಟಿಬಯಾಟಿಕ್‌ನಲ್ಲಿ ವಾಸಿಯಾಗಬಹುದಿದ್ದ ಎಷ್ಟು ಜನ ಹಿಂದೆ ‘ಚಿಂತೆ ಬಿಡಿ’ ಅನ್ನಿಸಿಕೊಂಡು ಮನೆಗೆ ಹೋಗಿರಬಹುದು ಅನ್ನಿಸುತ್ತಿತ್ತು.

ಈಗ ನನಗೆ ಮುಖ್ಯ ಅನ್ನಿಸಿದ್ದಕ್ಕೆ ಬರುತ್ತೇನೆ. ರೋಗಿಯನ್ನು ಕರೆತಂದವರೇ ಕೆಲವು ಕಾಲದ ಮೇಲೆ ರೋಗಿಯಾಗಿ ಬರುವುದನ್ನು ನೋಡಿದ್ದೇನೆ. ಹಾಸಿಗೆ ಹಿಡಿದ ತಾಯಿಯನ್ನೋ ಗಂಡನನ್ನೋ ರಾತ್ರಿಯೆಲ್ಲ ನೋಡಿಕೊಂಡವರು. ಹೆಚ್ಚಿನವರು ಹೆಂಗಸರು. ಅವರಿಗೆ ತಾಳ್ಮೆ ಕಡಿಮೆ ಅಂತ ಯಾರಾದರೂ ಹೇಳಲಿ ನೋಡೋಣ. ತಾಳಿ ತಾಳಿಯೇ ದೇಹ ಸೋತದ್ದು.

ಇದು ಬರೀ ನನ್ನ ಅನಿಸಿಕೆಯಲ್ಲ. ಅಮೆರಿಕದ ಜಾನಿಸ್ ಕೀಕೋಲ್ಟ್-ಗ್ಲೇಸರ್ ತಂಡ 1995ರಲ್ಲಿ, ಮರೆವಿನ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಹೆಂಗಸರ ಚರ್ಮದಲ್ಲಿ 3.5 ಮಿಲಿಮೀಟರಿನ ಪುಟ್ಟ ಗಾಯ ಮಾಡಿ ಗಮನಿಸಿತು. ಅದೇ ವಯಸ್ಸಿನ ಬೇರೆ ಹೆಂಗಸರಿಗಿಂತ ಇವರ ಗಾಯ ಮಾಯಲು ಸರಾಸರಿ 9 ದಿನ ಜಾಸ್ತಿ ಹಿಡಿಯಿತು. 1991ರಲ್ಲಿ ಶೆಲ್ಡನ್ ಕೋಹೆನ್ ತಂಡ 394 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಹನಿಗಳನ್ನು ಬಿಟ್ಟಾಗ, ಒತ್ತಡ ಹೆಚ್ಚಿದ್ದಷ್ಟೂ ನೆಗಡಿ ಅಂಟುವುದು ಹೆಚ್ಚಿತ್ತು. ಒತ್ತಡದಲ್ಲಿ ಏರುವ ಕಾರ್ಟಿಸೋಲ್ ಹಾರ್ಮೋನು ಸ್ವಲ್ಪ ಹೊತ್ತು ಏರಿ ಇಳಿದರೆ ಉರಿಯೂತವನ್ನು ಹತೋಟಿಯಲ್ಲಿಡುತ್ತದೆ. ವರ್ಷಗಟ್ಟಲೆ ಒತ್ತಡ ಇದ್ದರೆ ರೋಗನಿರೋಧಕ ಕೋಶಗಳು ಅದರ ಮಾತು ಕೇಳುವುದನ್ನೇ ಕಡಿಮೆ ಮಾಡುತ್ತವೆ. ಆಗ ಉರಿಯೂತ ಒಳಗೇ ಉಳಿಯುತ್ತದೆ. ಇಂಥ ಸ್ಥಿತಿಯಲ್ಲಿ ಇರುವವರಿಗೆ ಆಳವಾಗಿ ಉಸಿರಾಡಿ ಅನ್ನುವುದು ತಪ್ಪಲ್ಲ. ಆದರೆ ಅಷ್ಟೇ ಹೇಳಿ ಕೈತೊಳೆದುಕೊಳ್ಳುವುದು ಸರಿಯಾ?

ಕ್ಯಾಪ್ಸೂಲಿನ ವಿಷಯ. ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದವರು 2004ರಲ್ಲಿ, ಕರುಳಿನಲ್ಲಿ ಸೂಕ್ಷ್ಮಜೀವಿಗಳೇ ಇಲ್ಲದ ಇಲಿಗಳು ಒತ್ತಡಕ್ಕೆ ಅತಿಯಾಗಿ ಪ್ರತಿಕ್ರಿಯಿಸುವುದನ್ನು ತೋರಿಸಿದ್ದು ನಿಜ. 2011ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಒಂದು ಬಗೆ ಇಲಿಗಳ ಆತಂಕ ಇಳಿಸಿತು. ವೇಗಸ್ ನರ ಕತ್ತರಿಸಿದರೆ ಆ ಗುಣ ಕಾಣಲಿಲ್ಲ. ಎಷ್ಟು ಚೆಂದದ ಪ್ರಯೋಗ ಅಲ್ವಾ? ಆದರೆ ಅದೇ ಬ್ಯಾಕ್ಟೀರಿಯಾವನ್ನು ಆರೋಗ್ಯವಂತ ಗಂಡಸರಿಗೆ ಕೊಟ್ಟಾಗ ಹುಸಿ ಮಾತ್ರೆಗಿಂತ ಹೆಚ್ಚಿನ ಗುಣ ಸಿಗಲಿಲ್ಲ. 2017ರ ಈ ಫಲಿತಾಂಶ ಜಾಹೀರಾತಿನಲ್ಲಿ ಬರುವುದಿಲ್ಲ ಬಿಡಿ. ನಿಮ್ಮ ಲೇಖನ ನೆಚ್ಚಿಕೊಂಡ 2024ರ ಲಾಸ್ ಏಂಜಲೀಸ್ ಅಧ್ಯಯನದಲ್ಲಿ 116 ಜನರಿದ್ದರು. ಒತ್ತಡವನ್ನು ಚೆನ್ನಾಗಿ ತಾಳುವವರ ಕರುಳಿನಲ್ಲಿ ಉರಿಯೂತ ಕಡಿಮೆ, ಒಳಗೋಡೆ ಗಟ್ಟಿ ಅನ್ನುವ ಸುಳಿವು ಸಿಕ್ಕಿತು. ಕರುಳು ಚೆನ್ನಾಗಿದ್ದದ್ದರಿಂದ ತಾಳಿದರೋ, ತಾಳುವಂಥ ಬದುಕು ಇದ್ದದ್ದರಿಂದ ಕರುಳು ಚೆನ್ನಾಗಿತ್ತೋ? ಅಂಥ ಅಧ್ಯಯನ ಅದನ್ನು ಹೇಳಲಾರದು. ಲೇಖನ ಮಾತ್ರ ಹೇಳಿಬಿಟ್ಟಿತು.

ನಿದ್ದೆ, ನಾರಿನಂಶದ ಊಟ, ನಡಿಗೆ ಒಳ್ಳೆಯದು ಅಂತ ಓದುಗರಿಗೆ ಗೊತ್ತು. ಅದಕ್ಕೆ ಬಿಡುವು ಯಾರು ಕೊಡುತ್ತಾರೆ ಎಂದು ಒಮ್ಮೆ ಬರೆಸಿ. ರೋಗಿಯ ಸೇವೆಯನ್ನು ಮನೆಮಂದಿ ಸರದಿಯಲ್ಲಿ ಹಂಚಿಕೊಳ್ಳುವುದು, ಅದಕ್ಕಾಗಿ ಕೆಲಸದಲ್ಲಿ ರಜೆ ಸಿಗುವುದು, ಇವೂ ಆರೋಗ್ಯ ಪುಟಕ್ಕೆ ಸೇರಿದ ವಿಷಯಗಳೇ.

ಮುಂದಿನ ಸಲ ಹೊಟ್ಟೆ ಮತ್ತು ಒತ್ತಡದ ಲೇಖನ ಹಾಕಿದರೆ ಪಕ್ಕದಲ್ಲೇ ಒಂದು ಚೌಕದಲ್ಲಿ ದಪ್ಪಕ್ಷರದಲ್ಲಿ ಇದನ್ನೂ ಹಾಕಿ: ಮಲ ಕಪ್ಪಾಗಿದ್ದರೆ ಅಥವಾ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ನುಂಗಲು ಕಷ್ಟವಾದರೆ, ವಾಂತಿ ನಿಲ್ಲದಿದ್ದರೆ, ರಕ್ತಹೀನತೆ ಇದ್ದರೆ, ನೋವು ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ಒತ್ತಡ ಅಂದುಕೊಂಡು ಕೂರದೆ ವೈದ್ಯರಿಗೆ ತೋರಿಸಿ.

ಇಂತಿ,
ಎಂಡೋಸ್ಕೋಪಿ ವಿಭಾಗದ ನಿವೃತ್ತ ನರ್ಸ್