ಸ್ಫೋಟಕ್ಕಿಂತ ಮೊದಲು

ಪ್ರೀತಿಯ ತಮ್ಮ,

ನಿನ್ನ ಯುದ್ಧದ ಕಥೆ ಓದಿದೆ. ಮೊದಲ ಪುಟದಲ್ಲೇ ಸ್ಫೋಟ, ಕೊನೆಯ ಪುಟದಲ್ಲಿ ಇನ್ನೊಂದು. ನಡುವೆ ಸೈನಿಕರು ಅಳುತ್ತಾರೆ, ಊರು ನೆನೆಯುತ್ತಾರೆ, ಸಾಯುತ್ತಾರೆ. ಕೆಲಸ ಮಾತ್ರ ಮಾಡುವುದಿಲ್ಲ.

ಆಲ್ಫ್ರೆಡ್ ವಾಡ್ ಅಂತ ಒಬ್ಬ ಚಿತ್ರಗಾರನಿದ್ದ. ಲಂಡನ್ನಿನಲ್ಲಿ ಹುಟ್ಟಿದವನು. ಅಮೆರಿಕದ ಅಂತರ್ಯುದ್ಧದಲ್ಲಿ ಹಾರ್ಪರ್ಸ್ ವೀಕ್ಲಿ ಪತ್ರಿಕೆಗಾಗಿ ಸೇನೆಯ ಜೊತೆ ತಿರುಗಿದ. ಆಗಿನ ಕ್ಯಾಮೆರಾದ ಮುಂದೆ ಅಲುಗಾಡದೆ ನಿಲ್ಲಬೇಕಿತ್ತು. ದುಡಿಯುವವರು ಹಾಗೆ ನಿಲ್ಲುತ್ತಾರಾ? ಅದಕ್ಕೆ ಪೆನ್ಸಿಲ್ಲೇ ಗತಿ. 1864ರಲ್ಲಿ ವರ್ಜೀನಿಯಾದ ಪೀಟರ್ಸ್‌ಬರ್ಗ್‌ನಲ್ಲಿ ಅವನು ಮಾಡಿದ ಒಂದು ಸ್ಕೆಚ್ ಹುಡುಕಿ ನೋಡು. ಸುರಂಗಕ್ಕೆ ಸಿಡಿಮದ್ದು ಸಾಗಿಸುವ ಚಿತ್ರ. ಸುರಂಗ ತೋಡಿದ ದಳದ ಮುಖ್ಯಸ್ಥ ಕರ್ನಲ್ ಪ್ಲೆಸೆಂಟ್ಸ್ ಉಸ್ತುವಾರಿ ನೋಡುತ್ತಿದ್ದಾನೆ.

ಶತ್ರುವಿನ ಕೋಟೆಯ ಕೆಳಗೆ ಆ ಸುರಂಗ ತೋಡಿದ್ದು ಉತ್ತರದ ಸೇನೆಯ 48ನೇ ಪೆನ್ಸಿಲ್ವೇನಿಯಾ ದಳ. ಬಹಳ ಮಂದಿ ಕಲ್ಲಿದ್ದಲು ಗಣಿಯವರು. ಮೇಲಿನವರಿಗೆ ನಂಬಿಕೆ ಇರಲಿಲ್ಲ, ಸರಿಯಾದ ಸಲಕರಣೆಯನ್ನೂ ಕೊಡಲಿಲ್ಲ. ಇವರು ಬಿಸ್ಕತ್ತಿನ ಪೆಟ್ಟಿಗೆಗೆ ಹಿಡಿ ಹೊಡೆದು ಅದರಲ್ಲೇ ಮಣ್ಣು ಹೊತ್ತರು. ಆ ಮಣ್ಣು ಶತ್ರುವಿಗೆ ಕಾಣಬಾರದಲ್ಲ, ಮೇಲೆ ಗಿಡಗಂಟಿ ಕಡಿದು ಮುಚ್ಚಿದರು. ಗಾಳಿಗಾಗಿ ಒಂದು ಕಡೆ ಬೆಂಕಿ ಹಾಕಿದರು. ಬಿಸಿ ಗಾಳಿ ಹೊಗೆಗೂಡಿನಲ್ಲಿ ಮೇಲೇರಿದಂತೆ, ಮರದ ಕೊಳವೆಯಲ್ಲಿ ಹೊಸ ಗಾಳಿ ತೋಡುವವರ ತನಕ ಬರುತ್ತಿತ್ತು. ಕೊನೆಗೆ 320 ಪೀಪಾಯಿ, 8,000 ಪೌಂಡ್ ಮದ್ದು ಒಳಗೆ ಹೋಯಿತು. ಸುರಂಗದ ಉದ್ದ 500 ಅಡಿಗೂ ಜಾಸ್ತಿ, ಎತ್ತರ ಸುಮಾರು 5 ಅಡಿ. ನೆಟ್ಟಗೆ ನಿಲ್ಲುವ ಹಾಗೇ ಇಲ್ಲ. ಇಷ್ಟು ಹೇಳಿದ ಮೇಲೆ 'ಅವರು ತುಂಬಾ ದಣಿದಿದ್ದರು' ಅಂತ ಬೇರೆ ಬರೀಬೇಕಾ?

ಜುಲೈ 30ರ ಬೆಳಗಿನ ಸ್ಫೋಟವನ್ನೂ ವಾಡ್ ಬಿಡಿಸಿದ್ದಾನೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಯಾವ ಯುದ್ಧದ ಹೊಗೆಯಾದರೂ ಹಾಗೇ ಇರುತ್ತದೆ. ಮದ್ದು ಹೊತ್ತವರ ಚಿತ್ರ ಮಾತ್ರ ಆ ಸುರಂಗದ್ದೇ.

ಕುತೂಹಲ ಹುಟ್ಟಿಸೋಕೆ ಸ್ಫೋಟವೇ ಬೇಕು ಅಂತ ನಿನ್ನ ವಾದ ಇರಬಹುದು. ಅಲ್ಲೇ ನೋಡು. ಮದ್ದಿಗೆ ಬೆಂಕಿ ಮುಟ್ಟಿಸಲು ಉದ್ದದ ಬತ್ತಿ ಸಿಗದೆ ತುಂಡುಗಳನ್ನು ಜೋಡಿಸಿದ್ದರು. ಅದು ಜೋಡಿಸಿದ ಕಡೆ ಆರಿಹೋಯಿತು. ಹ್ಯಾರಿ ರೀಸ್, ಜೇಕಬ್ ಡೌಟಿ ಅನ್ನುವ ಇಬ್ಬರು ಆ ಕತ್ತಲೊಳಗೆ ಹೋಗಿ, ಮತ್ತೆ ಜೋಡಿಸಿ ಹಚ್ಚಿ ಬಂದರು. ಇದಕ್ಕಿಂತ ಕುತೂಹಲ ಬೇಕಾ? ಆಮೇಲಿನ ದಾಳಿ ಸೋತಿತು. ಸ್ಫೋಟದಿಂದಾದ ಗುಂಡಿಯಲ್ಲೇ ಸಿಕ್ಕಿಕೊಂಡು ಸತ್ತವರಲ್ಲಿ ಸ್ಫೋಟ ಮಾಡಿದ ಕಡೆಯವರೇ ಬಹಳ.

ನಿನ್ನ ಮೂರನೇ ಪುಟದಲ್ಲಿ 'ರಾತ್ರೋರಾತ್ರಿ ಕಂದಕ ತೋಡಿದರು' ಅಂತ ಒಂದು ಸಾಲು ಇದೆ. ಯಾವ ಮಣ್ಣು? ಗುದ್ದಲಿ ಎಷ್ಟು ಜನರಿಗಿತ್ತು? ತೆಗೆದ ಮಣ್ಣು ಎಲ್ಲಿ ಹಾಕಿದರು? ಅದನ್ನೇ ಎರಡು ಪುಟ ಮಾಡಿ ಕಳಿಸು. ಮೊದಲ ಪುಟದ ಸ್ಫೋಟ ಸದ್ಯಕ್ಕೆ ತೆಗೆದಿಡು.

ನಿನ್ನ,
ಅಣ್ಣ