ಕರೆದವರೇ ಬೈದರೆ ಲಾಭ ಯಾರಿಗೆ?

ಸಂಪಾದಕರೇ,

ವಿವಾದಕ್ಕೆ ಸಿಕ್ಕಿರುವ ವಿದೇಶಿ ನಾಯಕನನ್ನು ಯಾವುದಾದರೂ ವಿಶ್ವವಿದ್ಯಾಲಯ ಭಾಷಣಕ್ಕೆ ಕರೆಯಿತು ಅಂದರೆ ಎರಡೇ ಮಾತು ಕೇಳಿಬರುತ್ತವೆ. ಕರೆಯಲೇಬಾರದಿತ್ತು ಅನ್ನುವುದು ಒಂದು. ಕರೆದ ಮೇಲೆ ಬಾಯಿ ಮುಚ್ಚಿಕೊಂಡು ಕೇಳಬೇಕು ಅನ್ನುವುದು ಇನ್ನೊಂದು. ನನಗೆ ಎರಡೂ ಒಪ್ಪಿಗೆಯಿಲ್ಲ. ಇದಕ್ಕೆ 2007ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಡೆದದ್ದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ವಿಶ್ವಸಂಸ್ಥೆಯ ಮಹಾಸಭೆಗೆ ಬಂದಿದ್ದ ಇರಾನಿನ ಆಗಿನ ಅಧ್ಯಕ್ಷ ಮಹಮೂದ್ ಅಹ್ಮದಿನೆಜಾದ್ ಆ ವರ್ಷ ಸೆಪ್ಟೆಂಬರ್ 24ರಂದು ಅಲ್ಲಿ ಮಾತನಾಡಿದರು. ಊರೆಲ್ಲ ಗಲಾಟೆ. ಕ್ಯಾಂಪಸ್ಸಿನಲ್ಲಿ ಪ್ರತಿಭಟನೆ, ಪತ್ರಿಕೆಗಳ ಮುಖಪುಟದಲ್ಲಿ ಬೆಂಕಿಯಂಥ ತಲೆಬರಹ, ಅನುದಾನ ನಿಲ್ಲಿಸಿದರೆ ಬುದ್ಧಿ ಬರುತ್ತದೆ ಅನ್ನುವ ರಾಜಕಾರಣಿಗಳು. ಹಿಂದಿನ ವರ್ಷ ಇದೇ ಆಹ್ವಾನ ಕೊಟ್ಟು ವಾಪಸ್ ತೆಗೆದುಕೊಂಡಿದ್ದ ವಿಶ್ವವಿದ್ಯಾಲಯ ಈ ಸಲ ಹಿಂದೆ ಸರಿಯಲಿಲ್ಲ. ಅಲ್ಲಿಯವರೆಗೆ ಭೇಷ್.

ಆಮೇಲೆ ಅತಿಥಿಯನ್ನು ಪರಿಚಯಿಸಲು ವಿಶ್ವವಿದ್ಯಾಲಯದ ಆಗಿನ ಅಧ್ಯಕ್ಷ ಲೀ ಬೊಲಿಂಜರ್ ಎದ್ದರು. ಸುಮ್ನೆ ಯಾರೋ ಆಡಳಿತಗಾರರಲ್ಲ, ವಾಕ್ ಸ್ವಾತಂತ್ರ್ಯದ ಕಾನೂನನ್ನೇ ಓದಿಕೊಂಡು ಬಂದ ಪ್ರಾಧ್ಯಾಪಕರು. ಸಣ್ಣ ಮನಸ್ಸಿನ, ಕ್ರೂರ ಸರ್ವಾಧಿಕಾರಿಯ ಎಲ್ಲ ಲಕ್ಷಣಗಳೂ ನಿಮ್ಮಲ್ಲಿವೆ ಎಂದು ಅತಿಥಿಯ ಮುಖಕ್ಕೇ ಹೇಳಿದರು. ಯಹೂದಿಗಳ ನರಮೇಧವನ್ನು ಅಲ್ಲಗಳೆಯುವ ನೀವು ಒಂದೋ ಬೇಕೆಂದೇ ಕೆಣಕುತ್ತಿದ್ದೀರಿ, ಇಲ್ಲವೇ ಆಶ್ಚರ್ಯವಾಗುವಷ್ಟು ಓದುಬರಹವಿಲ್ಲದವರು ಎಂದರು. ಕೊನೆಗೆ, ಈ ಪ್ರಶ್ನೆಗಳಿಗೆ ಉತ್ತರಿಸುವ ಧೈರ್ಯ ನಿಮಗಿದೆ ಅಂತ ನನಗನ್ನಿಸುವುದಿಲ್ಲ ಎಂದೂ ಸೇರಿಸಿದರು. ಅತಿಥಿ ಇನ್ನೂ ಬಾಯಿ ತೆರೆದಿರಲಿಲ್ಲ! ಸಭೆಯಲ್ಲಿ ಚಪ್ಪಾಳೆಯೇನೋ ಬಿತ್ತು.

ತಪ್ಪು ತಿಳಿಯಬೇಡಿ, ಅವರು ಎತ್ತಿದ ವಿಷಯಗಳಲ್ಲಿ ಬಹುಪಾಲು ನಿಜವೇ. ಇರಾನಿನಲ್ಲಿ ವಿದ್ವಾಂಸರನ್ನು, ಪತ್ರಕರ್ತರನ್ನು ಜೈಲಿಗೆ ಹಾಕುತ್ತಿದ್ದರು. ಗಲ್ಲು ಶಿಕ್ಷೆಗಳು ನಡೆಯುತ್ತಿದ್ದವು. ಬಹಾಯಿ ಅನ್ನುವ ಧಾರ್ಮಿಕ ಅಲ್ಪಸಂಖ್ಯಾತ ಸಮುದಾಯಕ್ಕೆ ಕಿರುಕುಳವಿತ್ತು. 2006ರ ಡಿಸೆಂಬರಿನಲ್ಲಿ ನರಮೇಧ ನಡೆದೇ ಇಲ್ಲ ಅನ್ನುವವರನ್ನೆಲ್ಲ ಸೇರಿಸಿ ಟೆಹರಾನಿನಲ್ಲಿ ಒಂದು ಸಮ್ಮೇಳನವೂ ನಡೆದಿತ್ತು. ಇದನ್ನೆಲ್ಲ ಎದುರಿಗೇ ಹೇಳಬೇಕಿತ್ತು, ಹೇಳಿದ್ದು ಸರಿ. ಅದೇ ಭಾಷಣದಲ್ಲಿ ಬೊಲಿಂಜರ್ ಇನ್ನೊಂದು ಒಳ್ಳೆಯ ಕೆಲಸವನ್ನೂ ಮಾಡಿದರು. ಕೊಲಂಬಿಯಾದಲ್ಲೇ ಓದಿದ ಕಿಯಾನ್ ತಾಜ್‌ಬಖ್ಶ್ ಅನ್ನುವ ವಿದ್ವಾಂಸರನ್ನು ಆ ವರ್ಷ ಇರಾನಿನಲ್ಲಿ ಬಂಧಿಸಿದ್ದರು, ಆಗಷ್ಟೇ ಜಾಮೀನು ಸಿಕ್ಕಿತ್ತು. ಅವರು ನಮ್ಮಲ್ಲಿಗೆ ಪಾಠ ಮಾಡಲು ಬರಲಿ, ದೇಶ ಬಿಡಲು ಅವಕಾಶ ಕೊಡಿ ಎಂದು ಅಹ್ಮದಿನೆಜಾದ್ ಎದುರಿಗೇ ಕೇಳಿದರು. ಇಡೀ ಭಾಷಣದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಇದೇ. ಒಬ್ಬ ಮನುಷ್ಯನ ಹೆಸರು, ಒಂದು ಬೇಡಿಕೆ. ಬೈಗುಳವಿಲ್ಲ, ಆದರೆ ತಪ್ಪಿಸಿಕೊಳ್ಳಲು ಜಾಗವೂ ಇಲ್ಲ.

ಉಳಿದ ಕಡೆ ವಿಶೇಷಣಗಳೇ ವಾಸ್ತವವನ್ನು ನುಂಗಿದವು. ಸರ್ವಾಧಿಕಾರಿ ಅನ್ನುವುದನ್ನೇ ನೋಡಿ. ಅಹ್ಮದಿನೆಜಾದ್ 2005ರ ಚುನಾವಣೆಯಲ್ಲಿ ಗೆದ್ದು ಬಂದವರು (ಅಭ್ಯರ್ಥಿಗಳನ್ನು ಒಂದು ಮಂಡಳಿ ಮೊದಲೇ ಸೋಸಿಬಿಡುವ ಚುನಾವಣೆ ಅದು, ಆ ಮಾತು ಬೇರೆ). ಸೇನೆ, ನ್ಯಾಯಾಂಗಗಳ ಮೇಲೆ ಕೊನೆಯ ಹಿಡಿತ ಇದ್ದದ್ದು ಸರ್ವೋಚ್ಚ ನಾಯಕ ಅಲಿ ಖಮೇನಿಯ ಕೈಯಲ್ಲಿ. ಇರಾನಿನ ರಾಜಕೀಯ ಗೊತ್ತಿರುವ ಯಾವ ವಿದ್ಯಾರ್ಥಿಯೂ ಇದನ್ನು ಹೇಳಿಯಾನು. ವಿಶ್ವವಿದ್ಯಾಲಯದ ವೇದಿಕೆಯಿಂದ ಬರಬೇಕಾದದ್ದು ಈ ತಿಳುವಳಿಕೆ ಅಲ್ವಾ? ಬೀದಿಯಲ್ಲಿ ಕೂಗುವುದನ್ನು ಕೂಗಲು ಬೀದಿಯಲ್ಲೇ ಜನರಿದ್ದರು, ಅದು ಅವರ ಹಕ್ಕು. ಆತಿಥೇಯರು ಅದನ್ನೇ ಒಳಗೆ ತಂದದ್ದು ಅತಿಥಿಗಾಗಿ ಅಲ್ಲ, ಹೊರಗೆ ಕೋಪಗೊಂಡು ನಿಂತಿದ್ದ ಪತ್ರಿಕೆ, ರಾಜಕಾರಣಿ, ದಾನಿಗಳ ಕಿವಿಗಾಗಿ ಅಂತ ನನ್ನ ಅನುಮಾನ.

ಪರಿಣಾಮ ನೋಡಿ. ಅಹ್ಮದಿನೆಜಾದ್ ಎದ್ದು ನಿಂತವರೇ, ನಮ್ಮಲ್ಲಿ ಅತಿಥಿಯನ್ನು ಕರೆದರೆ ವಿದ್ಯಾರ್ಥಿಗಳು ತಾವೇ ಕೇಳಿ ತೀರ್ಮಾನಿಸಲಿ ಅಂತ ಬಿಡುತ್ತೇವೆ, ಭಾಷಣಕ್ಕೆ ಮುಂಚೆಯೇ ಅವರಿಗೆ ಲಸಿಕೆ ಹಾಕುವ ಅಗತ್ಯ ನಮಗೆ ಕಾಣುವುದಿಲ್ಲ ಎಂಬರ್ಥದ ಮಾತಾಡಿದರು. ಹಿಂದಿನ ಡಿಸೆಂಬರಿನಲ್ಲಷ್ಟೇ ಟೆಹರಾನಿನ ಅಮೀರ್‌ಕಬೀರ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಇವರ ಎದುರಿಗೇ ಇವರ ಫೋಟೋ ಸುಟ್ಟು ಘೋಷಣೆ ಕೂಗಿದ್ದರು, ಮುಂದಿನ ತಿಂಗಳುಗಳಲ್ಲಿ ಆ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ಜೈಲು ಕಂಡರು. ಅಂಥ ಸರ್ಕಾರದ ಮುಖ್ಯಸ್ಥ ಬಂದು ವಿದ್ಯಾರ್ಥಿಗಳನ್ನು ಗೌರವಿಸುವುದು ಹೇಗೆ ಅಂತ ಪಾಠ ಹೇಳಿದಾಗ ಸಭೆ ನಗಬೇಕಿತ್ತು. ಆದರೆ ಅವತ್ತು ಅವರ ಮಾತಿನಲ್ಲೂ ನ್ಯಾಯವಿದೆ ಅನ್ನಿಸುವಂತಾಯಿತು. ಕೋಲು ಕೊಟ್ಟು ಹೊಡೆಸಿಕೊಂಡಂತಾಯಿತು.

ನಿಜವಾದ ಪೆಟ್ಟು ಬಿದ್ದದ್ದು ಪ್ರಶ್ನೋತ್ತರದಲ್ಲಿ. ನಡೆಸಿಕೊಟ್ಟವರು ಡೀನ್ ಜಾನ್ ಕೋಟ್ಸ್‌ವರ್ತ್. ದನಿ ಏರಿಸಲಿಲ್ಲ. ಇಸ್ರೇಲ್ ನಾಶವಾಗಬೇಕೆಂದು ಬಯಸುತ್ತೀರಾ, ಹೌದು ಅಥವಾ ಇಲ್ಲ ಅಂತ ಹೇಳಿ ಎಂದು ಒತ್ತಿ ಕೇಳಿದರು. ಅತಿಥಿ ಪ್ಯಾಲೆಸ್ಟೀನಿನ ಕಡೆ ಮಾತು ತಿರುಗಿಸಿದರು. ಜಾರಿಕೊಂಡದ್ದು ಎಲ್ಲರಿಗೂ ಕಾಣಿಸಿತು. ಸಲಿಂಗಿಗಳನ್ನು ಗಲ್ಲಿಗೇರಿಸುವ ಬಗ್ಗೆ ಕೇಳಿದಾಗ, ನಿಮ್ಮ ದೇಶದಲ್ಲಿರುವಂಥ ಸಲಿಂಗಿಗಳು ಇರಾನಿನಲ್ಲಿ ಇಲ್ಲ ಅಂದುಬಿಟ್ಟರು. ಸಭೆಯೆಲ್ಲ ನಗು, ಕೂಗಾಟ. ಅವತ್ತಿನ ಭಾಷಣದಲ್ಲಿ ಜಗತ್ತಿಗೆ ಇವತ್ತಿಗೂ ನೆನಪಿರುವುದು ಆ ಒಂದು ಉತ್ತರ. ಬೊಲಿಂಜರ್ ಅಷ್ಟು ಹೊತ್ತು ಬೈದು ಸಾಧಿಸಲಾಗದ್ದನ್ನು ಒಂದು ನೇರ ಪ್ರಶ್ನೆ ಸಾಧಿಸಿತು.

ಹಾಗಂತ ಬರೀ ವಿನಯವಿದ್ದರೆ ಸಾಕು ಅಂತ ನಾನು ಹೇಳುತ್ತಿಲ್ಲ. ಅದು ಇನ್ನೂ ಕೆಟ್ಟದ್ದು. ಇದೇ ಕೊಲಂಬಿಯಾ 1933ರ ಡಿಸೆಂಬರಿನಲ್ಲಿ ಹಿಟ್ಲರನ ರಾಯಭಾರಿ ಹಾನ್ಸ್ ಲೂಥರನನ್ನು ಕರೆಸಿತ್ತು. ಆ ಹೊತ್ತಿಗೆ ಜರ್ಮನಿಯಲ್ಲಿ ಪುಸ್ತಕ ಸುಟ್ಟಾಗಿತ್ತು, ಯಹೂದಿ ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆದಾಗಿತ್ತು. ಕೊಲಂಬಿಯಾದ ಆಗಿನ ಅಧ್ಯಕ್ಷ ನಿಕೊಲಸ್ ಮರ್ರೆ ಬಟ್ಲರ್ ಮಾತ್ರ, ಸ್ನೇಹಿತ ದೇಶದ ಪ್ರತಿನಿಧಿ, ಮರ್ಯಾದೆಯಿಂದ ಬರಮಾಡಿಕೊಳ್ಳಬೇಕು ಎಂದರು. 1936ರಲ್ಲಿ ನಾಜಿಗಳ ಕೈಯಲ್ಲಿದ್ದ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ 550ನೇ ವರ್ಷದ ಉತ್ಸವಕ್ಕೆ ಪ್ರತಿನಿಧಿಯನ್ನೂ ಕಳುಹಿಸಿದರು, ಅದನ್ನು ವಿರೋಧಿಸಿ ಪ್ರತಿಭಟನೆಯ ಮುಂದಾಳತ್ವ ವಹಿಸಿದ ರಾಬರ್ಟ್ ಬರ್ಕ್ ಅನ್ನುವ ವಿದ್ಯಾರ್ಥಿಯನ್ನು ಹೊರಹಾಕಿದರು. ಮರ್ಯಾದೆ ಅತಿಥಿಗೆ, ಶಿಕ್ಷೆ ವಿದ್ಯಾರ್ಥಿಗೆ. ಇಂಥ ಸೌಜನ್ಯ ಯಾರಿಗೆ ಬೇಕು?

ಇನ್ನೊಂದು ವಿಷಯವನ್ನು ಆಗ ಹೆಚ್ಚು ಜನ ಗಮನಿಸಲಿಲ್ಲ. ಅಹ್ಮದಿನೆಜಾದ್ ಬಂದ ವಾರವೇ ಕೊಲಂಬಿಯಾಕ್ಕೆ ತುರ್ಕ್‌ಮೆನಿಸ್ತಾನದ ಆಗಿನ ಅಧ್ಯಕ್ಷ ಗುರ್ಬಾಂಗುಲಿ ಬರ್ದಿಮುಹಮದೊವ್ ಕೂಡ ಬಂದಿದ್ದರು. ವಿರೋಧ ಪಕ್ಷವಿಲ್ಲ, ಸ್ವತಂತ್ರ ಪತ್ರಿಕೆಯಿಲ್ಲ, ಅಂಥ ದೇಶ. ಆದರೆ ಅಲ್ಲಿ ನೈಸರ್ಗಿಕ ಅನಿಲ ಹೇರಳವಾಗಿದೆ, ಅಮೆರಿಕದ ಜೊತೆ ಜಗಳವಿಲ್ಲ. ಅವರಿಗೆ ಯಾರೂ ಕ್ರೂರ ಸರ್ವಾಧಿಕಾರಿ ಅಂತ ಹೇಳಲಿಲ್ಲ. ಕಟು ಮಾತು ಧೈರ್ಯದಿಂದ ಬಂದದ್ದಾದರೆ ಇಬ್ಬರಿಗೂ ಬರಬೇಕಿತ್ತು. ಸ್ವಂತ ಸರ್ಕಾರದ ಶತ್ರುವನ್ನು ಬೈಯಲು ಎಷ್ಟು ಧೈರ್ಯ ಬೇಕು?

ಇರಾನಿನಿಂದ ಎರಡು ಬಗೆಯ ಪ್ರತಿಕ್ರಿಯೆ ಬಂತು. ಅಲ್ಲಿನ ಏಳು ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಬೊಲಿಂಜರ್ ಅವರಿಗೆ ಪತ್ರ ಬರೆದು, ಅವಮಾನವನ್ನು ಖಂಡಿಸಿ, 1953ರಲ್ಲಿ ಇರಾನಿನ ಪ್ರಧಾನಿ ಮೊಸಾದೆಕ್ ಸರ್ಕಾರವನ್ನು ಅಮೆರಿಕ ಉರುಳಿಸಿದ್ದರಿಂದ ಹಿಡಿದು ಹತ್ತು ಪ್ರಶ್ನೆ ಕೇಳಿದರು. ಆಳುವವರಿಗೆ ಪುಕ್ಕಟೆ ಸಿಕ್ಕ ಬೆಂಬಲ ಅದು. ಎರಡು ವಾರ ಕಳೆದು, ಅಕ್ಟೋಬರ್ 8ರಂದು, ಅಹ್ಮದಿನೆಜಾದ್ ಟೆಹರಾನ್ ವಿಶ್ವವಿದ್ಯಾಲಯಕ್ಕೆ ಬಂದಾಗ ವಿದ್ಯಾರ್ಥಿಗಳು ಹೊರಗೆ ಸೇರಿ ಘೋಷಣೆ ಕೂಗಿದರು. ಕೊಲಂಬಿಯಾದವರ ಪ್ರಶ್ನೆಗಳನ್ನು ಮಾತ್ರ ಕೇಳಿಸಿಕೊಂಡರೆ ಹೇಗೆ, ನಮಗೂ ಪ್ರಶ್ನೆಗಳಿವೆ ಅನ್ನುವುದು ಅವರ ತಕರಾರಾಗಿತ್ತು. ಬೈಗುಳವನ್ನು ಅವರ ಅಧಿಕಾರಿಗಳು ಬಳಸಿಕೊಂಡರು, ಪ್ರಶ್ನೆಯನ್ನು ಅವರ ವಿದ್ಯಾರ್ಥಿಗಳು.

– ಒಬ್ಬ ಓದುಗ