ಗುಡ್‌ಬ್ರಾಂಡ್ಸ್‌ಡಾಲೆನ್ ಕಣಿವೆಯಿಂದ ಅಪ್ಪನಿಗೆ

ನಾರ್ವೆ
ಅಕ್ಟೋಬರ್ 14

ತೀರ್ಥರೂಪರಾದ ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನಿಲ್ಲಿ ಕ್ಷೇಮದಿಂದಿದ್ದೇನೆ. ಅಜ್ಜಿಯ ಮಂಡಿನೋವು, ತಂಗಿ ಮತ್ತು ಮಕ್ಕಳ ಯೋಗಕ್ಷೇಮ ಎಲ್ಲವನ್ನೂ ಬರೆದು ತಿಳಿಸುವುದು.

ಕಳೆದ ಪತ್ರದಲ್ಲಿ ನೀವು ಎರಡು ವಿಷಯ ಕೇಳಿದ್ದಿರಿ. ಮನೆ ಮತ್ತು ತೋಟ ಮುಂದೆ ಯಾರ ಕೈಗೆ ಹೋಗಬೇಕು ಎಂಬುದು ಒಂದು. ಹೆಂಚಿನ ಮನೆಯನ್ನು ಇಳಿಸಿ ತಾರಸಿ ಮನೆ ಕಟ್ಟಿಸುವುದೇ ಎಂಬುದು ಇನ್ನೊಂದು. ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಾನು ಬಾಡಿಗೆಗೆ ಇರುವ ಈ ಹಳೆಯ ಕೃಷಿಮನೆಯಲ್ಲಿ ವರ್ಷವೊಂದು ಹೇಗೆ ಸುತ್ತಿ ಬರುತ್ತದೆ ಎಂಬುದನ್ನು ನೋಡಿದ ಮೇಲೆಯೇ ನನಗೆ ಉತ್ತರ ಸ್ಪಷ್ಟವಾಯಿತು. ಹಾಗಾಗಿ ಮೊದಲು ಈ ಮನೆಯ ಸಂಗತಿಯನ್ನು ತುಸು ವಿಸ್ತಾರವಾಗಿಯೇ ಹೇಳುತ್ತೇನೆ.

ಮನೆಯೊಡತಿಯ ಅಡುಗೆಮನೆಯ ಗೋಡೆಗೆ ಮೊಳಕ್ಕಿಂತ ಉದ್ದದ, ಚಪ್ಪಟೆಯಾದ ಒಂದು ಮರದ ಪಟ್ಟಿಯನ್ನು ನೇತುಹಾಕಿದ್ದಾರೆ. ಪ್ರಿಮ್‌ಸ್ತಾವ್ ಎಂದು ಅದರ ಹೆಸರು. ಅಚ್ಚಾದ ಪಂಚಾಂಗ ಬರುವುದಕ್ಕೆ ಮೊದಲು ಇಲ್ಲಿಯ ರೈತರು ಬಳಸುತ್ತಿದ್ದ ಕಾಲಗಣನೆಯ ಕೋಲು. ಅದರ ಒಂದು ಮಗ್ಗುಲು ಬೇಸಿಗೆಗೆ, ಇನ್ನೊಂದು ಚಳಿಗಾಲಕ್ಕೆ. ದಿನಕ್ಕೊಂದು ಗೀರು, ಮುಖ್ಯ ದಿನಗಳಿಗೆ ಒಂದೊಂದು ಚಿತ್ರ. ಏಪ್ರಿಲ್ 14ಕ್ಕೆ ಮರ, ಜುಲೈ 29ರ ಸಂತ ಓಲಾವನ ಹಬ್ಬಕ್ಕೆ ಕೊಡಲಿ, ಅಕ್ಟೋಬರ್ 14ಕ್ಕೆ ಕೈಗವಸು. ಇವತ್ತು ಬೆಳಿಗ್ಗೆ ಅವರು ಆ ಕೋಲನ್ನು ತಿರುಗಿಸಿ ಕೈಗವಸಿನ ಮಗ್ಗುಲನ್ನು ಹೊರಗೆ ಮಾಡಿದರು. ಮೊಳೆಗೆ ನೇತುಹಾಕಿದ ಪಂಚಾಂಗ ತೆಗೆದು ಆರಿದ್ರೆ ಎಂದು ಹುಟ್ಟುತ್ತದೆ, ಮಘೆ ಎಂದು ಹಿಡಿಯುತ್ತದೆ ಎಂದು ನೀವು ನೋಡುವುದು ನೆನಪಾಯಿತು. ಅಲ್ಲಿ ಈಗ ಚಿತ್ತೆ ಮಳೆಯ ದಿನಗಳಲ್ಲವೆ?

ಮಳೆಯ ಮಟ್ಟಿಗೆ ಮಾತ್ರ ಈ ಸೀಮೆಗೂ ನಮ್ಮ ಸೀಮೆಗೂ ಸಂಬಂಧವೇ ಇಲ್ಲ. ಕಣಿವೆಯ ಮೇಲ್ಭಾಗದ ಶ್ಯೋಕ್ ಎಂಬಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ 300 ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ 2000 ಮಿಲಿಮೀಟರ್ ಮೀರುವುದುಂಟು. ಸಮುದ್ರದ ಕಡೆಯಿಂದ ಬರುವ ಮೋಡಗಳನ್ನು ಪಶ್ಚಿಮದ ಬೆಟ್ಟಗಳು ಅಲ್ಲೇ ಸುರಿಸಿಕೊಂಡುಬಿಡುವುದರಿಂದ ಇಲ್ಲಿಯವರು ಬೆಟ್ಟದ ಹಿಮದ ನೀರನ್ನು ಕಾಲುವೆ ತೋಡಿ, ಮರದ ದೋಣಿಗಳಲ್ಲಿ ಹರಿಸಿ ಬಾರ್ಲಿಯನ್ನೂ ಹುಲ್ಲನ್ನೂ ಬೆಳೆದರು. ನೀರು ಇಳಿಸಿಕೊಳ್ಳಲು ಬಸಿಗಾಲುವೆ ತೆಗೆಯುವ ನಮಗೆ ಇದನ್ನು ನಂಬುವುದೇ ಕಷ್ಟ.

ಮೇ ತಿಂಗಳಲ್ಲಿ ದನಗಳನ್ನು ಕೊಟ್ಟಿಗೆಯಿಂದ ಬಿಡುತ್ತಾರೆ. ಚಳಿಗಾಲವಿಡೀ ಒಳಗೇ ಇದ್ದ ದೊಡ್ಡ ದೊಡ್ಡ ಹಸುಗಳು ಅಂದು ಕರುಗಳ ಹಾಗೆ ನೆಗೆದಾಡುವುದನ್ನು ನೋಡಲು ಊರಿನ ಮಕ್ಕಳೆಲ್ಲ ಬೇಲಿಗೆ ಬಂದು ನಿಲ್ಲುತ್ತಾರೆ. ಹೊಲದಲ್ಲಿ ಚಳಿಗಾಲದ ಮೇವು ಬೆಳೆಯಬೇಕಾದ್ದರಿಂದ ಜೂನ್ ಕೊನೆಗೆ ಅವುಗಳನ್ನು ಬೆಟ್ಟದ ಮೇಲಿನ ಸೇಟರ್‌ಗೆ, ಅಂದರೆ ಬೇಸಿಗೆಯ ಹುಲ್ಲುಗಾವಲಿನ ಬಿಡಾರಕ್ಕೆ, ಹೊಡೆದೊಯ್ಯುವುದು ಇಲ್ಲಿಯ ಹಳೆಯ ಕ್ರಮ. ನಮ್ಮ ತೋಟಕ್ಕೆ ಸೊಪ್ಪಿನ ಬೆಟ್ಟ ಹೇಗೋ ಇಲ್ಲಿಯ ಹೊಲಕ್ಕೆ ಸೇಟರ್ ಹಾಗೆ: ಅದಿಲ್ಲದೆ ಕೆಳಗಿನ ಬೇಸಾಯ ನಿಲ್ಲುವುದಿಲ್ಲ. ಈಗ ಬಹುತೇಕ ಸೇಟರ್‌ಗಳು ಮುಚ್ಚಿವೆ. ಈ ಮನೆಯವರು ಮಾತ್ರ ಇನ್ನೂ ಹೋಗುತ್ತಾರೆ.

ಈ ಜುಲೈಯಲ್ಲಿ ರಜೆ ಹಾಕಿ ನಾನೂ ಹೋಗಿ ಅವರ ಜೊತೆ ಕೆಲಸ ಮಾಡಿದೆ. ಗಿಣ್ಣು, ಅಂದರೆ ಚೀಸ್, ಮಾಡಿ ಉಳಿದ ತಿಳಿನೀರನ್ನು ದೊಡ್ಡ ಕಡಾಯಿಗೆ ಹೊಯ್ದು, ಸೌದೆ ಒಲೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕುದಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ನೀರು ಅರ್ಧಕ್ಕಿಳಿದು ಹಳದಿಯಾಗುತ್ತದೆ. ಆಮೇಲೆ ಕೆನೆ ಸೇರಿಸಿ, ತಳ ಹಿಡಿಯದಂತೆ ಮರದ ಹುಟ್ಟಿನಿಂದ ಕೈಬಿಡದೆ ಮಗುಚುತ್ತಿರಬೇಕು. ಗುಳ್ಳೆಗಳು ದಪ್ಪವಾಗಿ ಟಪ್ ಟಪ್ ಎಂದು ಒಡೆಯುವಾಗ ಬಣ್ಣ ಕಂದಿಗೆ ತಿರುಗುತ್ತದೆ. ಹದ ನೋಡಲು ಅವರು ಹುಟ್ಟಿನ ತುದಿಯಿಂದ ಒಂದು ಹನಿಯನ್ನು ತಣ್ಣನೆಯ ತಟ್ಟೆಗೆ ಬಿಟ್ಟು ಬೆರಳಿನಿಂದ ಎಳೆದು ನೋಡಿದರು. ಹೀಗೆ ಕೆನೆ ಸೇರಿಸುವುದನ್ನು 1863ರಲ್ಲಿ ಇದೇ ಕಣಿವೆಯ ಆನ್ನೆ ಹೋವ್ ಎಂಬ ರೈತ ಮಹಿಳೆ ಮೊದಲು ಮಾಡಿದರಂತೆ. ಧಾನ್ಯದ ಬೆಲೆ ಕುಸಿದ ಕಾಲದಲ್ಲಿ ಈ ಕಂದು ಗಿಣ್ಣು ಕಣಿವೆಯ ಎಷ್ಟೋ ಮನೆಗಳನ್ನು ಸಾಲದಿಂದ ಉಳಿಸಿತು ಎಂದು ಇಲ್ಲಿಯವರು ಇಂದಿಗೂ ಆ ತಾಯಿಯನ್ನು ನೆನೆಯುತ್ತಾರೆ.

ಆಗಸ್ಟ್‌ನಲ್ಲಿ ಬಾರ್ಲಿ, ಸೆಪ್ಟೆಂಬರಿನಲ್ಲಿ ಕುರಿಗಳನ್ನು ಬೆಟ್ಟದಿಂದ ಇಳಿಸುವುದು ಮತ್ತು ಆಲೂಗಡ್ಡೆ ಕೀಳುವುದು. ಅಲ್ಲಿಗೆ ಹೊರಗಿನ ಕೆಲಸ ಮುಗಿಯಿತು. ಮುಂದೆ ಡಿಸೆಂಬರಿನಲ್ಲಿ ಎದುರಿನ ಗುಡ್ಡದ ನೆತ್ತಿಯನ್ನು ದಾಟಿ ಸೂರ್ಯ ಮೇಲೇಳುವುದಿಲ್ಲ. ಕೆಲವು ವಾರ ಅಂಗಳಕ್ಕೆ ನೇರ ಬಿಸಿಲೇ ಇರುವುದಿಲ್ಲ. ಆಗಲೂ ಕ್ರಿಸ್‌ಮಸ್‌ಗೆ ಓಟ್ಸ್ ತೆನೆಯ ಸಿವುಡನ್ನು ಕಂಬಕ್ಕೆ ಕಟ್ಟಿ ಹಕ್ಕಿಗಳಿಗೆ ಬಿಡುತ್ತಾರೆ.

ಈಗ ಮನೆಯ ವಿಷಯ. ಅಂಗಳದ ಸುತ್ತ ವಾಸದ ಮನೆ, ಕೊಟ್ಟಿಗೆ, ಇಲಿ ಹತ್ತದಂತೆ ಕಲ್ಲಿನ ಮೋಟುಗಂಬಗಳ ಮೇಲೆ ಎತ್ತಿ ನಿಲ್ಲಿಸಿದ ಕಣಜ, ಮತ್ತು ನಾನಿರುವ ಈ ಚಿಕ್ಕ ಮನೆ. ಎಲ್ಲವೂ ಪೈನ್ ಮರದ ದಿಮ್ಮಿಗಳನ್ನು ಮೂಲೆಯಲ್ಲಿ ಕಚ್ಚುಹಾಕಿ ಜೋಡಿಸಿದವು. ನನ್ನ ಹಾಸಿಗೆಯ ಪಕ್ಕದ ಮೂಲೆಯಲ್ಲಿ ಪ್ರತಿ ದಿಮ್ಮಿಯ ತುದಿಗೂ ಕೊಡಲಿಯಿಂದ ಕೊರೆದ ಗೆರೆಗಳಿವೆ: ಒಂದು, ಎರಡು, ಮೂರು, ನಾಲ್ಕನೆಯದಕ್ಕೆ ಓರೆಗೆರೆ. 1789ರ ಜುಲೈ ತಿಂಗಳಲ್ಲಿ ಈ ಕಣಿವೆಯಲ್ಲಿ ಓಫ್ಸೆನ್ ಎಂದು ಹೆಸರಾದ ಮಹಾಪ್ರವಾಹ ಬಂದು, ಗುಡ್ಡಗಳು ಜರಿದು, ಲೋಗೆನ್ ನದಿಯ ದಂಡೆಯ ಹೊಲಮನೆಗಳು ಕೊಚ್ಚಿಹೋದವು. ನೆಲ ಕಳೆದುಕೊಂಡ ಎಷ್ಟೋ ಸಂಸಾರಗಳು ದೂರದ ಉತ್ತರಕ್ಕೆ, ಮೋಲ್‌ಸೆಲ್ವ್ ಮತ್ತು ಬಾರ್ಡು ಕಣಿವೆಗಳಿಗೆ ಗುಳೆ ಹೋಗಿ ಕಾಡು ಕಡಿದು ನೆಲೆನಿಂತವು. ಈ ಮನೆಯವರು ಹೋಗಲಿಲ್ಲ. ಉಳಿದ ಗೋಡೆಗಳ ದಿಮ್ಮಿಗಳಿಗೆ ಗುರುತು ಕೊರೆದು, ಬಿಚ್ಚಿ, ಮೇಲಿನ ದಿಬ್ಬಕ್ಕೆ ಸಾಗಿಸಿ, ಅದೇ ಕ್ರಮದಲ್ಲಿ ಮತ್ತೆ ಜೋಡಿಸಿದರು.

ಅಪ್ಪ, ಆ ಗೆರೆಗಳನ್ನು ಮುಟ್ಟಿದಾಗ ನಮ್ಮ ಜಗಲಿಯ ಹಲಸಿನ ಕಂಬಗಳೇ ಕಣ್ಣಿಗೆ ಬಂದವು. ಲಿಂಗನಮಕ್ಕಿಯ ನೀರು ಏರುವ ಮೊದಲು ಅಜ್ಜ ಹಳೆಯ ಮನೆಯನ್ನು ಬಿಚ್ಚಿ, ಕಂಬ, ತೊಲೆ, ಹೆಬ್ಬಾಗಿಲಿನ ದಾರಂದಗಳಿಗೆ ಡಾಂಬರಿನಿಂದ ಗುರುತು ಬರೆದು, ಗಾಡಿಯಲ್ಲಿಯೂ ಲಾರಿಯಲ್ಲಿಯೂ ಈಗಿನ ಜಾಗಕ್ಕೆ ತಂದದ್ದನ್ನು ನೀವೇ ಹೇಳಿದ್ದೀರಿ. ಕಂಬದ ಬುಡದಲ್ಲಿ ಆ ಕಪ್ಪು ಗುರುತು ಇನ್ನೂ ಇದೆ. ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿಯ ವಿದ್ಯುತ್ತು ನಾಡಿಗೆಲ್ಲ ಬೆಳಕು ಕೊಟ್ಟಿತು. ಮುಳುಗಡೆಯವರು ಮಾತ್ರ ನೆಲ ಕಳೆದುಕೊಂಡು ಹೊಸ ನೆಲದಲ್ಲಿ ಒಂದರಿಂದ ಶುರುಮಾಡಿದರು. ನಾನು ಇಂದು ಅನ್ನ ತಿನ್ನುತ್ತಿರುವುದೂ ಜಲವಿದ್ಯುತ್ತಿನ ಕೆಲಸದಿಂದಲೇ ಆದ್ದರಿಂದ ಈ ಸಂಗತಿ ನನ್ನ ಮನಸ್ಸನ್ನು ಬಿಟ್ಟು ಹೋಗುವುದೇ ಇಲ್ಲ. ಆ ಕಂಬಗಳನ್ನು ಇಳಿಸಿ ತಾರಸಿ ಕಟ್ಟಿಸುವುದು ಬೇಡ. ಹೆಂಚು ಬದಲಿಸಿ, ಪಕಾಸಿ ಹಾಳಾದಲ್ಲಿ ಹೊಸದು ಹಾಕಿಸಿ, ಬಚ್ಚಲು ಮತ್ತು ಅಡುಗೆಮನೆಯನ್ನು ಅನುಕೂಲಕ್ಕೆ ತಕ್ಕಂತೆ ಮಾಡಿಸೋಣ. ಖರ್ಚು ನನ್ನದು.

ಮನೆ ಯಾರ ಕೈಗೆ ಎಂಬುದಕ್ಕೂ ನನಗೆ ಇಲ್ಲಿಯೇ ದಾರಿ ಕಂಡಿತು. ಇಲ್ಲಿ ಓಡೆಲ್ ಎಂಬ ಪುರಾತನ ಹಕ್ಕಿದೆ. 1814ರ ಸಂವಿಧಾನದಲ್ಲಿಯೂ ಅದಕ್ಕೆ ಜಾಗ ಸಿಕ್ಕಿದೆ. ವಂಶದ ಜಮೀನನ್ನು ಪಡೆಯುವ ಮೊದಲ ಹಕ್ಕು ಹಿರಿಯ ಮಗನದಾಗಿತ್ತು. 1974ರ ಕಾನೂನು ಬಂದ ಮೇಲೆ ಹೆಣ್ಣುಮಕ್ಕಳಿಗೂ ಸಮಾನ ಹಕ್ಕು ಬಂತು. ಹಾಗೆಯೇ ಈ ಮನೆಯೊಡತಿ ತಮ್ಮಂದಿರಿಗಿಂತ ಮೊದಲು ಒಡತಿಯಾದರು. ಆದರೆ ಹಕ್ಕು ಕೇಳಿದವರು ಅಲ್ಲಿಗೇ ಬಂದು ಕನಿಷ್ಠ ಐದು ವರ್ಷ ವಾಸವಿದ್ದು ಬೇಸಾಯ ಮಾಡಲೇಬೇಕು. ಈ ಕಟ್ಟಳೆ ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ. ಆ ಅಳತೆಯಲ್ಲಿ ನೋಡಿದರೆ ನಮ್ಮ ಮನೆ ತಂಗಿಯದು. ಕೊಳೆರೋಗಕ್ಕೆ ಮುಂಚೆ ಬೋರ್ಡೋ ಔಷಧಿ ಹೊಡೆಸುವವಳು ಅವಳು, ಕೊನೆ ಕೊಯ್ಲಿಗೆ ಆಳು ಹೊಂದಿಸುವವಳು ಅವಳು, ರಾತ್ರಿ ಕುಳಿತು ಅಡಿಕೆ ಸುಲಿಸುವವಳು, ಬೇಯಿಸಿದ ಚೊಗರಿನ ಹದ ಬಲ್ಲವಳು ಅವಳು. 2005ರ ತಿದ್ದುಪಡಿಯ ನಂತರ ಕಾನೂನು ಅವಳಿಗೂ ನನಗೂ ಸಮಪಾಲು ಹೇಳುತ್ತದೆ. ನನ್ನ ಪಾಲನ್ನೂ ನಾನು ಸಂತೋಷದಿಂದ ಅವಳಿಗೆ ಬಿಡುತ್ತೇನೆ.

ನಿಮ್ಮ ಮತ್ತು ಅಮ್ಮನ ಸ್ಥಾನ ಏನಾಗುತ್ತದೆ ಎಂಬ ಚಿಂತೆ ನಿಮಗಿರಬಹುದು. ನಾನಿರುವ ಈ ಚಿಕ್ಕ ಮನೆ ಕಟ್ಟಿದ್ದೇ ಅಂಥ ಚಿಂತೆಗಾಗಿ. ಹಿರಿಯರು ಕೈಲಾಗುವಾಗಲೇ ಜಮೀನನ್ನು ಮಕ್ಕಳಿಗೆ ವಹಿಸಿ, ಅದೇ ಅಂಗಳದ ಚಿಕ್ಕ ಮನೆಗೆ ಬರುತ್ತಿದ್ದರು; ಅವರಿಗೆ ಸಲ್ಲಬೇಕಾದದ್ದನ್ನು ಕರಾರಿನಲ್ಲಿ ಬರೆಸುತ್ತಿದ್ದರು. ಇಲ್ಲಿಯ ಹಳೆಯ ಕರಾರೊಂದನ್ನು ಮನೆಯೊಡತಿ ಓದಿ ಹೇಳಿದರು: ವರ್ಷಕ್ಕೆ ಇಷ್ಟು ಬಾರ್ಲಿ, ಇಷ್ಟು ಆಲೂಗಡ್ಡೆ, ಒಂದು ಹಸುವಿಗೆ ಮೇವು, ಸೀಳಿ ಬಾಗಿಲಿಗೆ ತಂದೊಟ್ಟಿದ ಸೌದೆ, ಚರ್ಚಿಗೆ ಹೋಗಲು ಕುದುರೆ. ನಾವೂ ಪತ್ರದಲ್ಲಿ ಸ್ಪಷ್ಟವಾಗಿ ಬರೆಸೋಣ. ಪೂರ್ವದ ಕೋಣೆ ನಿಮಗೆ, ತೋಟದ ಹುಟ್ಟುವಳಿಯಲ್ಲಿ ನಿಮ್ಮಿಬ್ಬರ ಭಾಗ, ಅಜ್ಜಿಯ ಔಷಧದ ಖರ್ಚು, ಎಲ್ಲವೂ ಅದರಲ್ಲಿರಲಿ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿಯೇ ಇದ್ದರೆ ಮೊದಲು ಪೌತಿ ಖಾತೆ ಮಾಡಿಸಬೇಕು, ಅತ್ತೆಯಂದಿರ ಒಪ್ಪಿಗೆಯನ್ನೂ ಕೇಳಬೇಕು. ವಕೀಲರು ಕರಡು ಕಳುಹಿಸಿದರೆ ಓಸ್ಲೋದ ನಮ್ಮ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳುಹಿಸುತ್ತೇನೆ.

ಇನ್ನೊಂದು ಕೋರಿಕೆ. ಇಲ್ಲಿ ಬಹುತೇಕ ಪ್ರತಿ ಊರಿಗೂ ಒಂದು ಗ್ರಂಥವಿದ್ದು, ಪ್ರತಿ ಮನೆಯನ್ನು ತಲೆಮಾರಿನಿಂದ ತಲೆಮಾರಿಗೆ ಯಾರು ನಡೆಸಿದರು, ಯಾರು ಅಮೆರಿಕಕ್ಕೆ ಹೋದರು ಎಂಬುದು ಅದರಲ್ಲಿ ದಾಖಲಾಗಿದೆ. 1825ರಿಂದ ನೂರು ವರ್ಷಗಳಲ್ಲಿ ಎಂಟು ಲಕ್ಷದಷ್ಟು ಜನ ಈ ದೇಶ ಬಿಟ್ಟು ಹೋದರೂ ಅವರ ಹೆಸರು ಮನೆಯ ಲೆಕ್ಕದಿಂದ ಅಳಿದಿಲ್ಲ. ಮುಳುಗಡೆಗೆ ಮೊದಲಿನ ನಮ್ಮ ಮನೆಯೊಳಗೆ ಬಾಳಿ ನೋಡಿದವರಲ್ಲಿ ಉಳಿದವರು ಅಜ್ಜಿ ಒಬ್ಬರೇ. ಆ ಮನೆಯ ಕೋಣೆಗಳ ವಿನ್ಯಾಸ, ಭತ್ತ ತುಂಬುವ ಪಣತ ಯಾವ ಮೂಲೆಯಲ್ಲಿತ್ತು, ಯಾವ ಮಳೆಯಲ್ಲಿ ಮನೆ ಬಿಚ್ಚಿದರು, ಜೊತೆಗೆ ಬಂದ ಆಳುಗಳ ಸಂಸಾರಗಳು ಈಗ ಎಲ್ಲಿವೆ, ಅಜ್ಜಿಯ ಅತ್ತೆಯ ತವರು ಯಾವುದು ಎಂಬುದನ್ನೆಲ್ಲ ತಂಗಿ ಕೇಳಿ ಧ್ವನಿಮುದ್ರಿಸಿಕೊಳ್ಳಲಿ. ನೀವು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೊನೆ ಕೊಯ್ಲು ಶುರುವಾದ ಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲವಾದ್ದರಿಂದ ದೀಪಾವಳಿಯ ಮೊದಲೇ ಕುಳಿತುಕೊಳ್ಳುವುದು ಉತ್ತಮ.

ನಾನು ಏಪ್ರಿಲ್‌ನಲ್ಲಿ ಬರುತ್ತೇನೆ. ಹೆಂಚು ಇಳಿಸುವ ಕೆಲಸವನ್ನು ಆಗಲೇ ಇಟ್ಟುಕೊಳ್ಳಿ. ಬಡಗಿಗೆ ಈಗಿನಿಂದಲೇ ಹೇಳಿಡುವುದು.

ಇಂತಿ ನಿಮ್ಮ ಆಶೀರ್ವಾದ ಬೇಡುವ,
ಮಗ